ಕಂಪ್ಲಿ ಕೋಳಿ ಗಿಡ ಹತ್ತಿದ್ದು

ಸೀಟು ಒರೆಸುತ್ತಿದ್ದೆ. ಕರ್ಚೀಫು ಮಡಚಿಕೊಂಡು, ಮೂಲೆ ಬಿಡದೆ. ಪಕ್ಕದಲ್ಲಿದ್ದ ವೆಲ್ಡರ್ ಬಸ್ಯಾ ನೋಡಿ ನಕ್ಕ.

"ಏನಲೇ, ಬಸ್ಸಿನ ಸೀಟಿಗೆ ಪೂಜಿ ಮಾಡಾಕತ್ತೀಯೇನು? ಕುಂದ್ರಲೇ ಸುಮ್ನ."

ಕುಳಿತೆ. ಸೀಟಿನ ಮೇಲೆ ಏನೂ ಇರಲಿಲ್ಲ. ಹಿಕ್ಕೆ ಇಲ್ಲದ ಸೀಟನ್ನೂ ಒರೆಸುವ ಚಟ ನನಗೆ ಅಂಟಿಕೊಂಡಿದೆ.

"ನಿನ್ ಬೈಕ್ ಏನಾತು? ಬ್ಯಾಂಕಿನವ್ರು ಒಯ್ದ್ರೇನು?"

"ಮನ್ಯಾಗೈತಿ."

"ಮನ್ಯಾಗ್ ಇಟ್ಟು ಬಸ್ಸಿಗ್ ಯಾಕ ಬರ್ತೀ?"

"ಕೋಳಿಗೆ ಬೇಕಂತ."

ತೋರಣಗಲ್ಲಿನ ಉಕ್ಕಿನ ಪ್ಲಾಂಟಿನ ಚಿಮಣಿ ಕಾಣುವವರೆಗೂ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅವನಿಗೆ ಬಿಡಿಸಿ ಹೇಳಲಿಲ್ಲ. ಹೇಳಿದರೆ ಇಡೀ ಪ್ಲಾಂಟಿಗೆ ಸುದ್ದಿ. ನಿಮಗೆ ಹೇಳುತ್ತೇನೆ. ನೀವು ನಕ್ಕರೂ ನನಗೆ ಕೇಳಿಸುವುದಿಲ್ಲ.

ಜವಾರಿ ಕೋಳಿಗೆ ಬಹಳ ಬುದ್ಧಿ ಎನ್ನುವವರು ಒಂದು ಸಂಜೆ ಗಾದಿಗನೂರಿಗೆ, ನಮ್ಮ ಹಿತ್ತಲಿಗೆ ಬರಬೇಕು. ಹೊತ್ತು ಇಳಿಯುತ್ತಿದ್ದಂತೆ ಎಲ್ಲವೂ ಬೇವಿನ ಗಿಡದ ಕೆಳಗೆ ಸೇರುತ್ತವೆ. ಕತ್ತು ಚಾಚಿ ಒಂದು ಕಣ್ಣಿನಿಂದ ಕೊಂಬೆ ನೋಡುತ್ತವೆ. ಆಮೇಲೆ ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡುತ್ತವೆ. ಅದು ನಿನ್ನೆ ಮಲಗಿದ್ದ ಕೊಂಬೆಯೇ, ಎಲ್ಲಿಗೂ ಹೋಗಿಲ್ಲ. ಆದರೂ ಸೈಟು ಕೊಳ್ಳಲು ಬಂದವರ ಹಾಗೆ ದಿನವೂ ಪರೀಕ್ಷೆ. ಮೈ ಕುಗ್ಗಿಸಿ, ರೆಕ್ಕೆ ಅರ್ಧ ಬಿಚ್ಚಿ, ಇನ್ನೇನು ಹಾರಿತು ಅನ್ನುವಾಗ ಮನಸ್ಸು ಬದಲಿಸಿ ನೆಲ ಕೆದರುತ್ತವೆ. ಕೊನೆಗೆ ಒಂದು ಕೋಳಿ ಒರಳುಕಲ್ಲಿಗೆ ಹಾರುತ್ತದೆ, ಅಲ್ಲಿಂದ ಗೋಡೆಗೆ, ಗೋಡೆಯಿಂದ ಕೊಂಬೆಗೆ. ದಾರಿ ಅದೊಂದೇ. ಗೋಡೆಯ ಮೇಲೆ ಒಂದು ಕೋಳಿ ಯೋಚಿಸುತ್ತ ನಿಂತರೆ ಹಿಂದಿನವೆಲ್ಲ ಸಂಡೂರು ರಸ್ತೆಯ ಅದಿರು ಲಾರಿಗಳ ಹಾಗೆ ಸಾಲುಗಟ್ಟಿ ಬಾಯಿ ಮಾಡುತ್ತವೆ.

ಹತ್ತಿದ ಮೇಲೆ ಜಾಗದ ಜಗಳ. ಬೊಡ್ಡೆಯ ಪಕ್ಕದ ಗಾಳಿ ತಾಗದ ಜಾಗ ಚುಕ್ಕಿಯದು. ಚುಕ್ಕಿ ಎಂದರೆ ನಮ್ಮ ಅವ್ವನ ಮುದಿ ಕೋಳಿ. ಮೊಟ್ಟೆ ನಿಲ್ಲಿಸಿದೆ, ಕುಕ್ಕುವುದು ನಿಲ್ಲಿಸಿಲ್ಲ. ಅದರ ಪಕ್ಕದಲ್ಲಿ ಅದು ಒಪ್ಪಿದ್ದು, ಅದರಾಚೆ ಇದು ಒಪ್ಪಿದ್ದು. ತಡವಾಗಿ ಬಂದದ್ದು ಎಲ್ಲರ ಬೆನ್ನು ತುಳಿದುಕೊಂಡು ಹೋಗಬೇಕು, ಎಲ್ಲರಿಂದ ತಲೆಗೆ ಕುಕ್ಕಿಸಿಕೊಳ್ಳಬೇಕು. ಬೆಳಗಾದರೆ ಇಳಿದು ತಿಪ್ಪೆಗೆ ಹೋಗುವ ಪ್ರಾಣಿಗಳಿಗೆ ಇಷ್ಟು ದರ್ಬಾರು.

ಸಂಡೂರಿನಲ್ಲಿ ಟಿಪ್ಪರ್ ಓಡಿಸುವ ನಮ್ಮಣ್ಣ ಒಮ್ಮೆ ತಗಡು, ಜಾಲರಿ ತಂದು ಇವಕ್ಕೊಂದು ಗೂಡು ಕಟ್ಟಿದ. ಬಾಗಿಲು, ಚಿಲಕ, ಒಳಗೆ ಕೂರಲು ಅಡ್ಡಗೋಲು, ಎಲ್ಲ ಇತ್ತು. ಕೋಳಿಗಳು ಬಗ್ಗಿ ನೋಡಿ ಗಿಡಕ್ಕೆ ಹೋದವು. ಈಗ ಅದರಲ್ಲಿ ಅವ್ವ ಒಲೆಗೆ ಹಾಕುವ ಕುಳ್ಳು ಇಡುತ್ತಾಳೆ.

ಅಣ್ಣ ಮದುವೆಯಾದ. ಹೆಂಡತಿಯನ್ನು ಅವ್ವನ ಕೈಗೆ ಕೊಟ್ಟು ಮತ್ತೆ ಟಿಪ್ಪರ್ ಹತ್ತಿದ. ಮನೆಗೆ ಬರುವುದು ರಜೆ ಸಿಕ್ಕಾಗ. ಅತ್ತಿಗೆ ಕಂಪ್ಲಿಯವಳು, ಭತ್ತದ ಸೀಮೆಯ ಹುಡುಗಿ. ಅನ್ನ ಚೆನ್ನಾಗಿ ಮಾಡುತ್ತಾಳೆ, ರೊಟ್ಟಿ ಬಡಿದರೆ ಕರ್ನಾಟಕದ ನಕ್ಷೆ ಬರುತ್ತದೆ. ಅವ್ವನಿಗೆ ಅಷ್ಟು ಸಾಕಾಗಿತ್ತು.

"ಕಂಪ್ಲಿಯಾಗ ಕೈ ಇಲ್ಲೇನವಾ ಹೆಣ್ಮಕ್ಳಿಗೆ?"

"ಕೈ ಅದಾವತ್ತಿ. ಬಾಯಿ ಸಣ್ಣವು," ಎಂದಳು ಅತ್ತಿಗೆ.

ಅವತ್ತಿನಿಂದ ಒಲೆ ಅವ್ವನದು, ಪಾತ್ರೆ ಅತ್ತಿಗೆಯದು. ಪಡಸಾಲೆಯಲ್ಲಿ ಅವ್ವ ಕುಳಿತಿದ್ದರೆ ಇವಳು ಹಿತ್ತಲಲ್ಲಿ. ಅಲ್ಲಿಗೆ ಅವ್ವ ಬಂದರೆ ಒಳಗೆ. ಮೊದಲ ಸಲ ತವರಿಗೆ ಹೋದವಳು ಬರುವಾಗ ಚೀಲದಲ್ಲಿ ಒಂದು ಕೆಂಪು ಕೋಳಿ ತಂದಳು. ಮಾತಾಡಲಿಕ್ಕೆ ಅವಳಿಗೂ ಒಂದು ಜೀವ ಬೇಕಿತ್ತೇನೋ. ನಾನು ಕೇಳಲಿಲ್ಲ.

ಆ ಕೋಳಿಯನ್ನು ನಮ್ಮವು ಗೋಡೆಯ ಮೇಲೂ ನಿಲ್ಲಗೊಡಲಿಲ್ಲ. ಹತ್ತಿದಾಗಲೆಲ್ಲ ಕುಕ್ಕಿ ಕೆಡವಿದವು. ಅದು ಹಿತ್ತಲೆಲ್ಲ ಸುತ್ತಿ, ಗೋಡೆಗೆ ಒತ್ತಿ ನಿಲ್ಲಿಸಿದ್ದ ನನ್ನ ಬೈಕಿನ ಸೀಟಿನ ಮೇಲೆ ಹ್ಯಾಂಡಲ್ ಕಡೆ ಮುಖ ಮಾಡಿ ಕುಳಿತಿತು, ಡ್ಯೂಟಿಗೆ ಹೊರಟವರ ಹಾಗೆ.

"ನಮ್ಮನ್ಯಾಗ ಅಪ್ಪನ ಲೂನಾ ಗಾಡಿ ಮ್ಯಾಲ ಮಲಗ್ತಿತ್ತು. ಗಿಡ ಅಂದ್ರೇನಂತ ಗೊತ್ತಿಲ್ಲ ಅದಕ್ಕ," ಎಂದಳು ಅತ್ತಿಗೆ, ಹೆಮ್ಮೆಯಿಂದ. ಗಿಡ ಗೊತ್ತಿಲ್ಲದ ಕೋಳಿ. ಹೆಮ್ಮೆ ಬೇರೆ.

ಬೆಳಿಗ್ಗೆ ಎದ್ದು ನಾನು ಸೀಟು ಒರೆಸಬೇಕು. ಬೈದೆ, ಚಪ್ಪಲಿ ಎಸೆದೆ, ಕವರ್ ಹೊದಿಸಿದೆ. ಕವರಿನ ಮೇಲೆ ಕುಳಿತಿತು.

ಅಷ್ಟರಲ್ಲಿ ಪಕ್ಕದ ಮನೆಯ ಹುಂಜವನ್ನು ಕಾಡುಬೆಕ್ಕು ಎಳೆದುಕೊಂಡು ಹೋಯಿತು. ಅವ್ವ ತೀರ್ಪು ಕೊಟ್ಟಳು: "ಬೆಕ್ಕಿನ ಪಾಲು ಯಾಕ ಮಾಡೂದು? ಗಿಡ ಹತ್ತಿದ್ರ ಹತ್ಲಿ. ಇಲ್ಲಂದ್ರ ಈ ಸಲ ದೊಡ್ಡ ಮಗ ಬಂದಾಗ ಸಾರು."

ಅತ್ತಿಗೆ ಪಾತ್ರೆ ಕೆಳಗಿಟ್ಟಳು. "ಕೆಳಗ ಇದ್ರ ಬೆಕ್ಕು ತಿಂತೈತಿ, ಎತ್ತಿ ಹಿಡಿದ್ರ ನೀವು ತಿಂತೀರಿ. ಕೊಯ್ರಿ ಅತ್ತಿ. ಅವತ್ತ ನಾ ಕಂಪ್ಲಿ ಬಸ್ ಹತ್ತೀನಿ. ತಿರುಗಿ ಬರಂಗಿಲ್ಲ."

ಅಳಲಿಲ್ಲ. ಒಳಗೆ ಹೋಗಿ ಬ್ಯಾಗಿಗೆ ಸೀರೆ ತುಂಬಿದಳು. ಆ ಬ್ಯಾಗು ಬಾಗಿಲ ಮೂಲೆಯಲ್ಲೇ ಇತ್ತು. ನಾನು ದಾಟಿಕೊಂಡು ಓಡಾಡಿದೆ. ಒಂದು ಕೋಳಿಗೆ ಸಂಸಾರ ಬಿಡುವವರನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಅಣ್ಣನಿಗೆ ಫೋನ್ ಮಾಡಿದರೆ, "ನೀನ ಏನರ ಮಾಡಲೇ, ಲೋಡಿಂಗ್ ನಡದೈತಿ" ಎಂದ. ಗಂಡಸು.

ಮರುದಿನ ಆಗಷ್ಟೇ ಕತ್ತಲಾಗಿತ್ತು. ಹಿತ್ತಲಿಗೆ ಹೋದರೆ ಅವ್ವ ಸ್ಟೂಲಿನ ಮೇಲೆ ನಿಂತಿದ್ದಾಳೆ, ಕಂಕುಳಲ್ಲಿ ಕಂಪ್ಲಿ ಕೋಳಿ. ಚುಕ್ಕಿಯನ್ನು ಅತ್ತ ಸರಿಸಿ, ಅದಕ್ಕೂ ಬೊಡ್ಡೆಗೂ ನಡುವೆ ಇದನ್ನು ತುರುಕುತ್ತಿದ್ದಾಳೆ.

"ಏನ್ ಮಾಡಾಕತ್ತೀಬೇ?"

"ಬಾಯ್ ಮುಚ್ಚು. ಕತ್ಲಾದ್ರ ಇವುಕ್ಕ ಕಣ್ ಕಾಣಂಗಿಲ್ಲ. ಹೊತ್ತು ಹುಟ್ಟಿದಾಗ ಮಗ್ಗಲ್ದಾಗ ಇದ್ದಾಕಿನ್ನ ನಮ್ಮಾಕೀನ ಅನ್ಕಂತಾವು, ಹುಚ್ಚು ಮುಂಡೇವು. ಅಕಿಗೆ ಹೇಳಬ್ಯಾಡ ಮತ್ತ."

ಅಕಿ ನನ್ನ ಹಿಂದೆಯೇ ನಿಂತಿದ್ದಳು. ಮುಂದೆ ಬಂದು, ಅಲುಗುತ್ತಿದ್ದ ಸ್ಟೂಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು. ಅವ್ವ ಕೆಳಗೆ ನೋಡಿದಳು. "ಹಿಡೀ ಚಂದಾಗಿ," ಎಂದಳು. ಅಷ್ಟೇ.

ಕೆಲವು ಸಂಜೆ ಹೀಗೇ ನಡೆಯಿತು. ಕುಕ್ಕುವುದು ನಿಂತಿತು. ಆಮೇಲೆ ಕೋಳಿ ತಾನೇ ಹತ್ತಲು ಶುರು ಮಾಡಿತು. ಒರಳುಕಲ್ಲಿನಿಂದ ಅಂದುಕೊಂಡಿರಾ? ಅಲ್ಲ. ಬೈಕಿನ ಸೀಟು, ಅಲ್ಲಿಂದ ಹ್ಯಾಂಡಲ್, ಹ್ಯಾಂಡಲಿನಿಂದ ಗೋಡೆ, ಗೋಡೆಯಿಂದ ಕೊಂಬೆ. ಊರಿಗೊಂದು ದಾರಿಯಾದರೆ ಕಂಪ್ಲಿಯದು ಬೇರೆ.

ಬ್ಯಾಗು ಮೂಲೆಯಿಂದ ಎದ್ದಿರಲಿಲ್ಲ. ಅಷ್ಟರಲ್ಲಿ ನನಗೆ ಸೆಕೆಂಡ್ ಶಿಫ್ಟ್ ಬಿತ್ತು. ಮಧ್ಯಾಹ್ನ ಹೋದರೆ ಬರುವುದು ರಾತ್ರಿ. ಮುಸ್ಸಂಜೆಗೆ ಬೈಕು ಪ್ಲಾಂಟಿನ ಸ್ಟ್ಯಾಂಡಿನಲ್ಲಿ. ಮೊದಲ ದಿನವೇ ಅವ್ವ ಫೋನ್ ಮಾಡಿದಳು.

"ಬೈಕ್ ನಿಲ್ಲೂ ಜಾಗದಾಗ ನಿಂತು ಮ್ಯಾಲ ನೋಡಾಕತ್ತೈತಿ. ಸ್ಟೂಲ್ ಇಟ್ವಿ, ಡ್ರಮ್ ಇಟ್ವಿ, ಒಲ್ಲದು."

"ಎತ್ತಿ ಇಡ್ರಿ."

"ದಿನಾ ಎತ್ತಿ ಕುಂದ್ರಸಾಕ ಅದೇನು ಮದುಮಗಳೇನಲೇ? ನಾಳಿಂದ ಬೈಕ್ ಬಿಟ್ಟು ಹೋಗು."

ಹಿಂದಿನಿಂದ ಅತ್ತಿಗೆ ನಗುವುದು ಕೇಳಿಸಿತು. ಅವ್ವ ಫೋನಿಟ್ಟಿರಲಿಲ್ಲ. "ಏನ್ ನಗ್ತೀ, ರೊಟ್ಟಿ ಹೊತ್ತೈತಿ ನೋಡಲ್ಲಿ" ಎಂದು ಬೈದಳು. ರೊಟ್ಟಿ ಬಡಿಯುತ್ತಿದ್ದವಳು ಅತ್ತಿಗೆ. ಒಲೆ ಯಾವಾಗ ಅವಳ ಕೈಗೆ ಹೋಯಿತೋ ನನಗೆ ಗೊತ್ತಿಲ್ಲ.

ಹಾಗಾಗಿ ನಾನು ಬಸ್ಸು, ಬೈಕು ಕೋಳಿಗೆ. ಕಂತು ಮಾತ್ರ ನನ್ನದು.

ಇವತ್ತು ಪ್ಲಾಂಟಿನಲ್ಲಿ ಟೀ ಹೊತ್ತಿಗೆ ಆಕಾಶ ಕೆಂಪಾಗಿತ್ತು. ನಾನು ಫೋನ್ ಕೈಯಲ್ಲಿ ಹಿಡಿದು ನಿಂತಿದ್ದೆ. ಕೋಳಿ ಹತ್ತಿದರೆ ಅತ್ತಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾಳೆ. ಕೊಡು ಎಂದು ನಾನು ಹೇಳಿಲ್ಲ. ಟೀ ಆರಿತು. ಕುಡಿಯಲಿಲ್ಲ. ಆಮೇಲೆ ಫೋನ್ ಒಂದು ಸಲ ಬಡಿದು ನಿಂತಿತು.

ಬಸ್ಯಾ ಇಣುಕಿದ. "ಯಾರಲೇ? ಹುಡುಗೀನಾ?"

"ಕೋಳಿ."

ಅತ್ತಿಗೆ ಸೀರೆ ತುಂಬಿಟ್ಟಿದ್ದ ಆ ಬ್ಯಾಗಿನಲ್ಲಿ ಈಗ ಅವ್ವ ಕೋಳಿಗೆ ಹಾಕುವ ನುಚ್ಚು ಇಡುತ್ತಾಳೆ. ಇಷ್ಟೇ. ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.