ಕಾರ್ಮಿಕರ ದಿನಕ್ಕೊಂದು ಪ್ರವಾಸ

ಊರಿನ ಎತ್ತರದ ಕಟ್ಟಡಗಳ ಕಾವಲುಗಾರರಿಗೆಲ್ಲ ಅವನು ಲಿಫ್ಟಣ್ಣ. ಕೆಟ್ಟು ನಿಂತ ಲಿಫ್ಟಿಗೆ ಅವನ ಕೈ ತಾಗಿದರೆ ಸಾಕು, ಅದು ಮತ್ತೆ ಮೇಲೇಳುತ್ತದೆ ಎಂದು ಅವರ ನಂಬಿಕೆ. ಇಪ್ಪತ್ತೆರಡು ವರ್ಷಗಳಿಂದ ಊರವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸುತ್ತಿದ್ದ ಈ ಮಹಾನುಭಾವ ಸ್ವತಃ ವಾಸವಾಗಿದ್ದದ್ದು ಲಿಫ್ಟೇ ಇಲ್ಲದ ಹಳೆಯ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ. ಅವನ ಹೆಂಡತಿ ದಿನಾ ಸಂಜೆ ಮಂಡಿಗೆ ಪಟ್ಟಿ ಸುತ್ತಿಕೊಂಡು ಮೆಟ್ಟಿಲು ಹತ್ತುತ್ತಾ, ಎರಡನೆಯ ಮಹಡಿಯಲ್ಲಿ ನಿಂತು ಉಸಿರು ಬಿಟ್ಟು, ಗಂಡನ ಕಸುಬಿಗೆ ನಾಲ್ಕು ಮಾತು ಬೈದು ಮುಂದಕ್ಕೆ ಹೋಗುತ್ತಿದ್ದಳು. ಅವಳು ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಲಿಫ್ಟಿನ ದೊಡ್ಡ ರಿಪೇರಿಯನ್ನು ಜನ ಓಡಾಡುವಾಗ ಮಾಡಲಾಗದು. ಆಫೀಸುಗಳು ಬಾಗಿಲು ಹಾಕಬೇಕು, ಕಟ್ಟಡ ಖಾಲಿಯಾಗಬೇಕು, ಆಗ ಇವರು ಒಳಗೆ ಇಳಿಯಬೇಕು. ಹೀಗಾಗಿ ದೇಶಕ್ಕೆಲ್ಲ ರಜೆ ಎಂದರೆ ಲಿಫ್ಟಣ್ಣನಿಗೆ ಡ್ಯೂಟಿ. ಹೆಂಡತಿಯದು ಬ್ಯಾಂಕಿನ ಕೌಂಟರಿನ ಕೆಲಸ. ಅವಳಿಗೆ ರಜೆ ಸಿಕ್ಕಿದರೆ ಸರ್ಕಾರಿ ರಜೆಗೆ ಅಂಟಿಕೊಂಡೇ ಸಿಗಬೇಕು. ಅವಳು ಮನೆಯಲ್ಲಿದ್ದ ದಿನ ಇವನಿಲ್ಲ, ಇವನು ಮನೆಯಲ್ಲಿ ಕಾಲು ಚಾಚಿದ ದಿನ ಅವಳು ಬ್ಯಾಂಕಿನಲ್ಲಿ. ಎಲ್ಲಕ್ಕಿಂತ ತಮಾಷೆ ಕಾರ್ಮಿಕರ ದಿನದ್ದು. ಕಾರ್ಮಿಕರ ಪರವಾಗಿ ಮಾತಾಡುವವರೆಲ್ಲ ಅವತ್ತು ರಜೆಯಲ್ಲಿರುತ್ತಿದ್ದರು, ಕಾರ್ಮಿಕ ಮಾತ್ರ ಲಿಫ್ಟಿನ ನೆತ್ತಿಯ ಮೇಲೆ ಕೂತು ಗ್ರೀಸು ಹಚ್ಚುತ್ತಿದ್ದ.

ಮದುವೆಯಾದ ಹೊಸತರಲ್ಲಿ ಅವನು ಒಂದು ತಪ್ಪು ಮಾಡಿದ್ದ. ಹೊರದೇಶದ ಒಂದು ಊರಿನಲ್ಲಿ ನದಿಯ ದಡದ ಗೋಪುರಕ್ಕೆ ಗಾಜಿನ ಲಿಫ್ಟು ಕೂರಿಸಿದ್ದಾರೆ, ಅದು ಏರುತ್ತಿದ್ದ ಹಾಗೆ ಊರು ಪೂರ್ತಿ ಕಾಲ ಕೆಳಗೆ ಬಿಚ್ಚಿಕೊಳ್ಳುತ್ತದೆ ಎಂದು ವರ್ಣಿಸಿ, "ನಿನ್ನನ್ನ ಒಂದಿನ ಅದರಲ್ಲಿ ಮೇಲಕ್ಕೆ ಕರ್ಕೊಂಡು ಹೋಗ್ತೀನಿ, ನೋಡ್ತಿರು" ಎಂದಿದ್ದ. ಹೊಸ ಹೆಂಡತಿಯ ಮುಂದೆ ಯಾರಾದರೂ ಆಡುವ ಮಾತೇ. ಆದರೆ ಅವಳು ಅದನ್ನು ಗಂಟು ಹಾಕಿ ಇಟ್ಟುಕೊಂಡಳು. ಪ್ರತಿ ವರ್ಷ ಕೇಳಿದಳು. ಪ್ರತಿ ವರ್ಷ ಅವನು "ಮುಂದಿನ ವರ್ಷ" ಎಂದ.

ಈ ವರ್ಷ ಗ್ರಹಗತಿ ಕೂಡಿಬಂತು. ಕಾರ್ಮಿಕರ ದಿನ ಗುರುವಾರ ಬಿದ್ದಿತ್ತು. ಶನಿವಾರ ಹೇಗೂ ಅವಳಿಗೆ ರಜೆಯಿತ್ತು, ಶುಕ್ರವಾರ ಒಂದನ್ನು ಗಿಟ್ಟಿಸಿಕೊಂಡರೆ ನಾಲ್ಕು ದಿನ. ಆ ಶುಕ್ರವಾರಕ್ಕಾಗಿ ಬ್ಯಾಂಕಿನಲ್ಲಿ ದೊಡ್ಡ ಕಿತ್ತಾಟವೇ ನಡೆದು, ಹಿರಿತನದ ಮೇಲೆ ಅವಳ ಪಾಲಾಯಿತು. ಇತ್ತ ಲಿಫ್ಟಣ್ಣ, ಸೂಪರ್‌ವೈಸರ್ ಒಳ್ಳೆಯ ಮೂಡಿನಲ್ಲಿ ಚಹಾ ಕುಡಿಯುತ್ತಿದ್ದಾಗ ಹಿಡಿದು, ನಾಲ್ಕು ದಿನ ರಜೆಗೆ ಹೂಂ ಅನ್ನಿಸಿಕೊಂಡ. ವೀಸಾ ಬಂತು. ವಿಮಾನದ ಟಿಕೆಟ್ಟೂ ಆಯಿತು.

ಅಲ್ಲಿಂದ ಶುರುವಾಯಿತು ಭಾವಮೈದನ ಕಾರುಬಾರು. ಹೆಂಡತಿಯ ತಮ್ಮ ಹಿಂದೊಮ್ಮೆ ಹೊರದೇಶಕ್ಕೆ ಹೋಗಿ ಎರಡು ದಿನ ಇದ್ದು ಬಂದಿದ್ದ, ಅಷ್ಟಕ್ಕೇ ಪ್ರಪಂಚವೆಲ್ಲ ಅವನ ಅಂಗೈಯಲ್ಲಿತ್ತು. ಸಂಜೆಯಾದರೆ ಊಟದ ಮೇಜಿನ ಮೇಲೆ ಫೋನು ಹರಡಿಕೊಂಡು ಕೂರುತ್ತಿದ್ದ.

"ಭಾವ, ಬೆಳಿಗ್ಗೆ ಅರಮನೆ, ಅದಾದ್ಮೇಲೆ ಮ್ಯೂಸಿಯಂ, ಮಧ್ಯಾಹ್ನ ಹಳೇ ಪೇಟೆ, ಅಲ್ಲಿಂದ ನಡ್ಕೊಂಡೇ ಸೇತುವೆ."

"ಅವಳ ಮಂಡಿ?"

"ಊರು ನೋಡೋಕೆ ಹೋದ್ಮೇಲೆ ನಡೀಲೇಬೇಕು ಭಾವ. ಕೂತ್ಕೊಳ್ಳೋಕೆ ಮನೇಲೇ ಕುರ್ಚಿ ಇದೆಯಲ್ಲ."

"ನನಗೆ ಗೋಪುರ ಒಂದು ತೋರ್ಸಿ, ಸಾಕು. ಮಿಕ್ಕಿದ್ದು ನೀವಿಬ್ರೂ ಕೂತು ಜಗಳ ಆಡಿ" ಎಂದು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಲಿಫ್ಟಣ್ಣ ಅರಮನೆಯನ್ನು ತೆಗೆಸುತ್ತಿದ್ದ. ಮರುದಿನ ಭಾವಮೈದ ಅದನ್ನು ಮತ್ತೆ ತುರುಕುತ್ತಿದ್ದ. ಹೋಗುವವರು ಇವರಿಬ್ಬರಾದರೂ ಸುಸ್ತಾಗುವ ಕಾರ್ಯಕ್ರಮ ಹಾಕುವವನು ಅವನು.

ಹೊರಡಲು ಎರಡು ವಾರ ಇರುವಾಗ ಭಾವಮೈದ ಗೋಪುರದ ಲಿಫ್ಟಿನ ಟಿಕೆಟ್ಟು ತೆಗೆಯಲು ಕೂತ. ಆ ನಾಲ್ಕು ದಿನಗಳು ಫೋನಿನಲ್ಲಿ ತೆರೆದುಕೊಳ್ಳಲೇ ಇಲ್ಲ. ಒತ್ತಿದ, ತಿಕ್ಕಿದ, ಫೋನನ್ನು ಆರಿಸಿ ಹಚ್ಚಿದ. ಕೊನೆಗೆ ಅಲ್ಲಿಗೇ ಫೋನು ಮಾಡಿ, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ವಿಚಾರಿಸಿ, ಮುಖ ಸಣ್ಣದು ಮಾಡಿಕೊಂಡು ಕೆಳಗಿಟ್ಟ.

"ಅಲ್ಲೂ ಕಾರ್ಮಿಕರ ದಿನ ಅಂತೆ ಭಾವ. ಅಲ್ಲೂ ರಜೆ ಅಂತೆ. ಅರಮನೆ, ಮ್ಯೂಸಿಯಂ ಗುರುವಾರ ಒಂದಿನ ಬಂದ್. ಲಿಫ್ಟು ಮಾತ್ರ ನಾಲ್ಕು ದಿನಾನೂ ಇಲ್ವಂತೆ, ಮೆಟ್ಟಿಲು ಮಾತ್ರ ತೆಗೆದಿರ್ತಾರಂತೆ. ಅದೇನೋ ರೋಪ್ ಬದಲಾಯಿಸ್ತಾರಂತೆ."

ಲಿಫ್ಟಣ್ಣನಿಗೆ ತಲೆಯ ಮೇಲೆ ಸುತ್ತಿಗೆಯಿಂದ ಹೊಡೆದ ಹಾಗಾಯಿತು. ರಜೆ ಬಂದರೆ ಲಿಫ್ಟು ಬಿಚ್ಚುತ್ತಾರೆ ಎಂಬುದು ಈ ಮನೆಯಲ್ಲಿ ಅವನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು? ತನ್ನ ಊರಿನಲ್ಲಿ ಅಷ್ಟು ವರ್ಷ ತಾನೇ ಮಾಡಿದ ಕೆಲಸ. ಇನ್ನೊಂದು ದೇಶದಲ್ಲೂ ಅವತ್ತೇ ರಜೆ, ಅಲ್ಲೂ ಯಾವನೋ ಒಬ್ಬ ಸ್ಪ್ಯಾನರು ಹಿಡಿದು ಕಾದಿರುತ್ತಾನೆ ಎಂಬುದು ಅವನ ಮಂಡೆಗೆ ಹೊಳೆದಿರಲಿಲ್ಲ. ಅಲ್ಲಿಯವರ ಮೇಲೆ ಜಗಳಕ್ಕೆ ಹೋಗೋಣವೆಂದರೆ ಅದಕ್ಕೂ ದಾರಿಯಿಲ್ಲ. ಲಿಫ್ಟನ್ನು ಹೊತ್ತ ಉಕ್ಕಿನ ಹಗ್ಗ ಬದಲಾಯಿಸುವುದೆಂದರೆ ಅಷ್ಟು ದಿನ ಬೇಕೇ ಬೇಕು. ಅವಸರ ಮಾಡುವವನು ಕಸುಬುದಾರನೇ ಅಲ್ಲ ಎಂದು ಅವನೇ ಹತ್ತು ಜನಕ್ಕೆ ಹೇಳಿಕೊಟ್ಟಿದ್ದ.

"ದಿನ ಬದಲಾಯಿಸೋಣ ಅಕ್ಕ" ಎಂದ ಭಾವಮೈದ.

"ನನ್ನ ಶುಕ್ರವಾರ ನಿಮ್ಮಪ್ಪ ಕೊಡ್ತಾನಾ?" ಎಂದಳು ಅಕ್ಕ. ಇಬ್ಬರಿಗೂ ಅಪ್ಪ ಒಬ್ಬನೇ ಎಂಬುದು ಆ ಸಿಟ್ಟಿನಲ್ಲಿ ಯಾರ ಗಮನಕ್ಕೂ ಬರಲಿಲ್ಲ.

ಮರುದಿನವೇ ಸೂಪರ್‌ವೈಸರ್ ಲಿಫ್ಟಣ್ಣನನ್ನು ಕರೆಸಿದರು. ವಿಮಾ ಕಂಪನಿಯ ಕಟ್ಟಡದ ದೊಡ್ಡ ಲಿಫ್ಟಿನ ರೋಪು ಎಳೆ ಬಿಟ್ಟಿದೆ, ಕಂಪನಿಯವರು ಶುಕ್ರವಾರವೂ ರಜೆ ಕೊಟ್ಟಿದ್ದಾರೆ, ಆ ನಾಲ್ಕು ದಿನ ಬಿಟ್ಟರೆ ಕಟ್ಟಡ ಖಾಲಿ ಸಿಗುವುದಿಲ್ಲ. "ರಜೆ ಕೊಟ್ಟಿದ್ದೀನಿ, ಇಲ್ಲ ಅನ್ನಲ್ಲ. ಆದ್ರೆ ನೀನಿಲ್ದೆ ಈ ಕೆಲಸ ನನ್ನ ಕೈಲಿ ಮಾಡ್ಸೋಕಾಗಲ್ಲಪ್ಪ."

ಇದೇ ಮಾತನ್ನು ಹಿಂದಿನ ವಾರ ಆಡಿದ್ದರೆ ಲಿಫ್ಟಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆಯುತ್ತಿದ್ದ. ಈಗ ಅವನ ಒಳಗೆ ಏನೋ ಸಡಿಲವಾಗಿತ್ತು. ಹೇಗೂ ಗೋಪುರವಿಲ್ಲ. ಹೇಗೂ ಅವಳ ಆಸೆ ತೀರುವುದಿಲ್ಲ. ಅಲ್ಲಿಗೆ ಹೋಗಿ ಮುಚ್ಚಿದ ಲಿಫ್ಟಿನ ಮುಂದೆ ಪೆಚ್ಚಾಗಿ ನಿಲ್ಲುವುದಕ್ಕಿಂತ, ಇಲ್ಲಿ ತನಗೆ ಗೊತ್ತಿರುವ ಕೆಲಸ ಮಾಡುವುದೇ ಮೇಲಲ್ಲವೇ? ನಿಜ ಹೇಳಬೇಕೆಂದರೆ, ನೀನಿಲ್ಲದೆ ಆಗುವುದಿಲ್ಲ ಎಂಬ ಮಾತು ಅವನಿಗೆ ಬೆಲ್ಲದ ಹಾಗಿತ್ತು. ಆ ಬೆಲ್ಲ ತಿನ್ನಿಸಿಯೇ ಅವನ ಎಲ್ಲ ರಜೆಗಳನ್ನೂ ನುಂಗಿದ್ದರು. ಅವನು ಹೂಂ ಎಂದುಬಿಟ್ಟ.

ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಹೇಳಿದ. ತಡ ಮಾಡಿದರೆ ಧೈರ್ಯ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದಳು.

"ಹೇಗೂ ಲಿಫ್ಟಿಲ್ವಲ್ಲ. ಸುಮ್ನೆ ಹೋಗಿ ಏನ್ ನೋಡೋದು? ಮುಂದಿನ ವರ್ಷ..."

ಆ ಎರಡು ಪದ ಬಾಯಿಂದ ಬಿದ್ದ ಮೇಲೆ ಅವನೇ ನಾಲಿಗೆ ಕಚ್ಚಿಕೊಂಡ. ಅವಳು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಇಟ್ಟಳು.

"ಲಿಫ್ಟು ನೋಡೋಕೆ ನಾನು ಅಷ್ಟು ದೂರ ಹೋಗ್ಬೇಕಿತ್ತೇನ್ರೀ? ನಿಮ್ಮ ಫೋನ್ ಬಡ್ಕೊಳ್ದೇ ಇರೋ ಊರಲ್ಲಿ ನಾಲ್ಕು ದಿನ ನಿಮ್ಮ ಜೊತೆ ಇರ್ಬೇಕಿತ್ತು. ಇಷ್ಟು ವರ್ಷ ಆದ್ರೂ ಅದನ್ನ ನಾನೇ ಬಾಯಿಬಿಟ್ಟು ಹೇಳ್ಬೇಕಾಯ್ತಲ್ಲ."

"ಹಾಗಾದ್ರೆ ಸೂಪರ್‌ವೈಸರಿಗೆ ಆಗಲ್ಲ ಅಂತ ಹೇಳ್ಲಾ?"

"ನನ್ನ ಕೇಳಿ ಹೂಂ ಅಂದ್ರಾ? ಆಗಲ್ಲ ಅನ್ನೋಕೆ ಮಾತ್ರ ನಾನು ಬೇಕಾ?"

ಅವನು ಫೋನು ಕೈಗೆತ್ತಿಕೊಂಡ. ತಿರುವಿದ, ಒರೆಸಿದ. ಹೇಗೆ ಶುರು ಮಾಡುವುದೆಂದು ಯೋಚಿಸುತ್ತಾ ಕೂತ. ಬೆಳಿಗ್ಗೆ ಮಾಡಿದರಾಯಿತು ಎಂದುಕೊಂಡ. ಬೆಳಿಗ್ಗೆ ಹೊಸ ರೋಪು ಗೋದಾಮಿಗೆ ಬಂದಿಳಿದಿತ್ತು. ಅದನ್ನು ಪರೀಕ್ಷೆ ಮಾಡಲು ಇವನೇ ಬೇಕಾಗಿತ್ತು. ಮಾಡಬೇಕಿದ್ದ ಆ ಫೋನು ಹಾಗೆಯೇ ಉಳಿಯಿತು. ಇಂಥವನಿಗೆ ಏನು ಹೇಳುವುದು ನೀವೇ ಹೇಳಿ.

ಅವಳು ಮತ್ತೆ ಆ ವಿಷಯ ಎತ್ತಲಿಲ್ಲ. ಬುಧವಾರ ಸಂಜೆ ಪೆಟ್ಟಿಗೆ ಕಟ್ಟಿದಳು. ಅವನ ಬಟ್ಟೆಗಳನ್ನು ಇಡಬೇಕಾದ ಅರ್ಧ ಭಾಗವನ್ನು ಖಾಲಿಯೇ ಬಿಟ್ಟಳು. ನಾಲ್ಕು ಮಹಡಿ ಪೆಟ್ಟಿಗೆ ಹೊತ್ತು ಇಳಿದವನು ಲಿಫ್ಟಣ್ಣ. ವಿಮಾನ ನಿಲ್ದಾಣದವರೆಗೂ ಅವನು, ಪಾಸ್‌ಪೋರ್ಟ್ ಜೋಪಾನ, ಮಂಡಿ ಜೋಪಾನ, ತಲುಪಿದ ಕೂಡಲೆ ಫೋನ್ ಮಾಡು ಎಂದು ಬಡಬಡಿಸುತ್ತಲೇ ಇದ್ದ. ಅವಳು ಎಲ್ಲದಕ್ಕೂ "ಆಯ್ತು" ಎಂದಳು. ಬೈದಿದ್ದರೆ ಅವನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಕಾರ್ಮಿಕರ ದಿನ ಮಧ್ಯಾಹ್ನ ಅವನು ವಿಮಾ ಕಂಪನಿಯ ಲಿಫ್ಟಿನ ನೆತ್ತಿಯ ಮೇಲೆ ಕೂತಿದ್ದ. ಪಕ್ಕದಲ್ಲಿ ಅವನಷ್ಟೇ ವರ್ಷ ಸವೆಸಿದ ಮೀಸೆ ಎಂಬ ಜೊತೆಗಾರ. ಲಿಫ್ಟನ್ನು ಸರಪಳಿಯಲ್ಲಿ ಕಟ್ಟಿ ನಿಲ್ಲಿಸಿ, ಹಳೆಯ ರೋಪು ಬಿಚ್ಚಿ ಆಗಿತ್ತು. ಕೈತುಂಬ ಗ್ರೀಸು, ಮನಸ್ಸು ತುಂಬ ಉರಿ. ಜೇಬಿನಲ್ಲಿ ಫೋನು ಕಂಪಿಸಿತು.

ಹೆಂಡತಿಯ ಚಿತ್ರ. ಗೋಪುರದ ಒಳಗಿನ ಕಬ್ಬಿಣದ ಮೆಟ್ಟಿಲಿನ ಮೇಲೆ ಕೂತಿದ್ದಾಳೆ, ಮಂಡಿಯ ಪಟ್ಟಿ ಎದ್ದು ಕಾಣುತ್ತಿದೆ, ಹಿಂದೆ ನದಿ, ಮನೆಗಳ ಮಾಡುಗಳು. ಕೆಳಗೆ ಬರೆದಿದ್ದಳು: "ಅರ್ಧಕ್ಕೆ ಬಂದೆ. ಲಿಫ್ಟಿಲ್ಲದೆ ಹತ್ತೋದು ನನಗೆ ಹೊಸದಲ್ಲ."

"ಯಾವನೋ ಅವನು ಮುಟ್ಠಾಳ!" ಎಂದು ಕಿರುಚಿದ ಲಿಫ್ಟಣ್ಣ. ಮಾತು ಲಿಫ್ಟಿನ ಬಾವಿಯ ಕತ್ತಲೆಯಲ್ಲಿ ಕೆಳಗಿನವರೆಗೂ ಮೊಳಗಿತು. "ರಜೆ ದಿನ ಹೆಂಡ್ತಿ ಜೊತೆ ಮನೇಲಿ ಬಿದ್ದಿರೋಕಾಗಲ್ವಾ ಅವನಿಗೆ? ಇವತ್ತೇ ಬಿಚ್ಬೇಕಿತ್ತಾ ಆ ಲಿಫ್ಟು?"

ಮೀಸೆ ಅವನ ಮುಖವನ್ನೇ ನೋಡಿದ.

ಫೋನು ಮತ್ತೆ ಕಂಪಿಸಿತು. ಎರಡನೆಯ ಚಿತ್ರ. ತಂತಿ ಬಲೆಯ ಆಚೆ, ಗಾಜಿನ ಲಿಫ್ಟಿನ ನೆತ್ತಿಯ ಮೇಲೆ ಒಬ್ಬ ನಡುವಯಸ್ಸಿನವನು ಕಾಲು ಇಳಿಬಿಟ್ಟು ಕೂತು, ಡಬ್ಬಿ ತೆರೆದು ಒಬ್ಬನೇ ಊಟ ಮಾಡುತ್ತಿದ್ದಾನೆ. ಅವನ ಕೈಗಳೂ ಕಪ್ಪಗಿವೆ.

"ಇಲ್ಲೂ ನಿಮ್ಮಂಥೋನು ಒಬ್ಬ ಇದ್ದಾನೆ" ಎಂದು ಬರೆದಿದ್ದಳು. "ಪಾಪ, ಅವನ ಹೆಂಡತಿ ಯಾವ ಊರು ನೋಡೋಕೆ ಒಬ್ಬಳೇ ಹೋಗಿದ್ದಾಳೋ."

ಲಿಫ್ಟಣ್ಣ ಅದನ್ನು ಎರಡು ಸಲ ಓದಿದ. ಉತ್ತರ ಬರೆಯಲು ಹೋದರೆ ಗ್ರೀಸು ಮೆತ್ತಿದ ಬೆರಳಿಗೆ ಫೋನು ಸ್ಪಂದಿಸಲಿಲ್ಲ. ಅಂಗಿಗೆ ಒರೆಸಿಕೊಂಡು ಮತ್ತೆ ಒತ್ತಿದ. ಆಗಲೂ ಇಲ್ಲ.

"ಅಣ್ಣ, ಹೊಸ ರೋಪು ಕೆಳಗೆ ಬಿಡ್ಲಾ?" ಎಂದು ಮೇಲಿನ ಯಂತ್ರದ ಕೋಣೆಯಿಂದ ಯಾರೋ ಕೂಗಿದರು.

"ತಡಿಯೋ!" ಎಂದು ಅವನು ಗದರಿದ. ಜೀವಮಾನದಲ್ಲಿ ಮೊದಲ ಸಲ ಅವನು ಕೆಲಸವನ್ನು ಕಾಯಿಸಿದ್ದ. ಸೀಮೆಎಣ್ಣೆಯ ಬಟ್ಟೆ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ತಿಕ್ಕತೊಡಗಿದ. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.