ತಡಿ ಎಂದರೆ ಮರವಂತೆ

ಒಡೆಯಲಿಲ್ಲ. ಶಾಲೆಯ ಪ್ರದರ್ಶನದಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಅಷ್ಟೂ ಮಕ್ಕಳು ಸಾಲುಗಟ್ಟಿ ನಿಂತು ಎಳೆದಾಡಿದರೂ ನನ್ನ ಮೊಮ್ಮಗಳ ಆಟದ ಪೆಟ್ಟಿಗೆ ಒಡೆಯಲಿಲ್ಲ. ಕೊಚ್ಚಿಯ ದೊಡ್ಡ ಪ್ರದರ್ಶನಕ್ಕೂ ಅದನ್ನೇ ಆರಿಸಿದರು. ಸುದ್ದಿ ಕೇಳಿದ ಸಂಭ್ರಮದಲ್ಲಿ ನಾನು ಕಾಫಿಗೆ ಸಕ್ಕರೆಯ ಬದಲು ಉಪ್ಪು ಹಾಕಿಬಿಟ್ಟಿದ್ದೆ. ಅಳಿಯಂದಿರು ಅದನ್ನೇ ಪೂರ್ತಿ ಕುಡಿದರು.

ಎಪ್ಪತ್ತರ ದಶಕದ ಕೊನೆಯ ಮಾತಿದು. ಅಳಿಯಂದಿರಿಗೆ ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ಕೆಲಸ, ಮನೆ ಅಲ್ಲಿಗೆ ಹತ್ತಿರದ ಪಟ್ಟಂನಲ್ಲಿ. ನಾನು ಮೈಸೂರಿನಿಂದ ಮಗಳ ಮನೆಗೆ ಬಂದು ಇದ್ದೆ. ಮೊಮ್ಮಗಳಿಗೆ ಹನ್ನೊಂದು ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಅರ್ಧ ಕಿವಿಯಿಂದ ತಿಳಿಯುತ್ತಿತ್ತು, ಇನ್ನರ್ಧವನ್ನು ಅವಳ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ.

ಒಂದು ಮದುವೆಗೆಂದು ಕೊಚ್ಚಿಗೆ ಹೋದಾಗ, ಹಡಗಿನವರು ಇಳಿದುಕೊಳ್ಳುವ ಹೋಟೆಲಿನಲ್ಲಿ ಅವಳು ಆಟದ ಯಂತ್ರ ನೋಡಿ ಬಂದಳು. ಗಾಜಿನೊಳಗೆ ಬೆಳಕಿನ ಚುಕ್ಕೆ ಓಡುತ್ತದಂತೆ, ಹಿಡಿ ತಿರುಗಿಸಿ ಅದನ್ನು ಅಡ್ಡಗಟ್ಟಬೇಕಂತೆ. ಬಂದವಳೇ ತಾನೂ ಒಂದು ಮಾಡುತ್ತೇನೆಂದು ಹಟ ಹಿಡಿದಳು. ಅಂಥ ಗಾಜು ನಮ್ಮ ಮನೆಗೆ ಎಲ್ಲಿಂದ ಬರಬೇಕು? ಅಪ್ಪ ಮಗಳು ಕೂತು ಒಂದು ಹಲಗೆಗೆ ಹನ್ನೆರಡು ಟಾರ್ಚ್ ಬಲ್ಬು ಸಾಲಾಗಿ ಸಿಕ್ಕಿಸಿದರು. ಅದರಿಂದ ಹೊರಟ ತಂತಿಗಳ ತುದಿಗೆ ಒಂದು ಪುಟ್ಟ ಪೆಟ್ಟಿಗೆ, ಪೆಟ್ಟಿಗೆಯ ಮುಚ್ಚಳದ ತೂತಿನಿಂದ ಎದ್ದು ನಿಂತ ಒಂದು ಕೋಲು. ಕೋಲನ್ನು ಯಾವ ಕಡೆಗೆ ಎಳೆದರೆ ಬೆಳಕು ಆ ಕಡೆಗೆ ಓಡುತ್ತದೆ. ಹೇಗೆ ಓಡುತ್ತದೆ ಎಂದು ನಾನು ಮೂರು ಸಲ ಕೇಳಿದೆ, ಅಳಿಯಂದಿರು ಮೂರು ಸಲವೂ ಬಿಡಿಸಿ ಹೇಳಿದರು. ತಿಳಿಯಲಿಲ್ಲ. ಆದರೆ ಮುಚ್ಚಳ ಯಾಕೆ ಸೀಳುತ್ತದೆ ಎನ್ನುವುದು ಮಾತ್ರ ನೋಡಿದ ಕೂಡಲೇ ತಿಳಿಯಿತು.

ಎರಡು ಸಲ ಸೀಳಿತ್ತು. ಪ್ಯಾಕಿಂಗ್ ಪೆಟ್ಟಿಗೆಯಿಂದ ಕಿತ್ತ ಹಲಗೆ ಅದು. ಕೋಲನ್ನು ನಾಲ್ಕು ಸಲ ಜಗ್ಗುವುದರೊಳಗೆ ತೂತಿನಿಂದ ಅಂಚಿನವರೆಗೆ ಬಿರುಕು. ಶಾಲೆಯ ಪ್ರದರ್ಶನಕ್ಕೆ ನಾಲ್ಕೇ ದಿನ. ಇನ್ನೊಮ್ಮೆ ಒಡೆದರೆ ತರುವುದೇ ಬೇಡ ಎಂದು ಟೀಚರ್ ಹೇಳಿದ್ದರಂತೆ. ಮಗು ಸರಿಯಾಗಿ ಊಟ ಮಾಡುತ್ತಿರಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಬೀಸುವ ಕಲ್ಲಿನ ಮುಂದೆ ಕೂತು ಬೆಳೆದವಳು. ದಿನವೂ ಗೂಟ ಹಿಡಿದು ತಿರುಗಿಸಿದವಳಿಗೆ ಕೈಗೆ ಒಗ್ಗುವ ಮರ ಯಾವುದು, ಕೈಕೊಡುವ ಮರ ಯಾವುದು ಎಂದು ಗೊತ್ತಿರುವುದಿಲ್ಲವೇ? "ನಡಿಯೇ, ಮರ ನೋಡ್ಕೊಂಡು ಬರೋಣ" ಎಂದು ಅವಳನ್ನು ಸಾಮಿಲ್ಲಿಗೆ ಹೊರಡಿಸಿದೆ.

ಮೊಮ್ಮಗಳು ಮಿಲ್ಲಿನವನಿಗೆ ಅಳತೆ ಹೇಳಿದಳು. ಅವನು ಕೈಗೆ ಸಿಕ್ಕ ಹಲಗೆ ಎತ್ತಿಕೊಂಡು ಗರಗಸದ ಕಡೆ ಹೊರಟೇಬಿಟ್ಟ. ನಾನಿನ್ನೂ ಮುಟ್ಟಿಯೂ ನೋಡಿರಲಿಲ್ಲ.

"ತಡಿ, ತಡಿ" ಎಂದೆ.

ಅವನು ತಿರುಗಿದ. "ಏದು ತಡಿ ಅಮ್ಮೇ? ತೇಕ್ಕೋ, ಪ್ಲಾವೋ?"

"ತಡಿ ಅಂದ್ನಲ್ಲಪ್ಪ."

"ಅದೇ, ತಡಿ. ಏದು ತಡಿ?"

ಕಿವಿ ಮಂದವಿರಬೇಕೆಂದು ದನಿ ಏರಿಸಿ ಮತ್ತೆ ಹೇಳಿದೆ. ಅವನು ಕೈ ಬೀಸಿ ಅಂಗಳದ ತುಂಬ ಬಿದ್ದಿದ್ದ ದಿಮ್ಮಿಗಳನ್ನೆಲ್ಲ ತೋರಿಸಿದ. ಮುಖ ಊದಿಸಿಕೊಂಡೇ ಬಂದಿದ್ದ ಮೊಮ್ಮಗಳು ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಮರದ ಹೊಟ್ಟಿನ ಮೇಲೆ ಕುಸಿದು ಕೂತಳು. ಅವರ ಮಾತಿನಲ್ಲಿ ತಡಿ ಎಂದರೆ ಮರವಂತೆ. ತೇಗವೋ ಹಲಸೋ ಎಂದು ಅವನು ಕೇಳುತ್ತಿದ್ದಾನೆ, ಸ್ವಲ್ಪ ನಿಲ್ಲಪ್ಪ ಎಂದು ನಾನು ಬೇಡುತ್ತಿದ್ದೇನೆ.

ಆಮೇಲೆ ಅವನೇ ನಗುತ್ತ ತುಂಡುಗಳ ರಾಶಿ ತೋರಿಸಿದ. ಒಂದೊಂದನ್ನೂ ಎತ್ತಿ ಬೆರಳಿನ ಗೆಣ್ಣಿನಿಂದ ತಟ್ಟಿದೆ. ಹಸಿ ಹಲಗೆ ದಪ್ ಎನ್ನುತ್ತದೆ, ಒಣಗಿದ್ದು ಟಣ್ ಎನ್ನುತ್ತದೆ. ಮೊಮ್ಮಗಳೂ ತಟ್ಟಿ ಕಿವಿಗೊಟ್ಟಳು. ಅವಳಿಗೆ ತೇಗ ಇಷ್ಟವಾಯಿತು, ನುಣ್ಣಗಿತ್ತು. ನಾನು ಅವಳ ಜಡೆ ಹಿಡಿದು ತೋರಿಸಿದೆ.

"ಈ ತುಂಡಿನ ಎಳೆ ನೋಡು, ಬಾಚಿಬಿಟ್ಟ ಕೂದಲಿನ ಹಾಗೆ ನೆಟ್ಟಗಿದೆ. ಬೆರಳು ತೂರಿಸಿದರೆ ಎರಡು ಪಾಲಾಗತ್ತೆ. ಹಲಸಿಂದು ಹೆಣೆದ ಜಡೆ. ಎಳೆದು ನೋಡು, ಬಿಚ್ಚತ್ತಾ?"

ಅವಳು ತನ್ನ ಜಡೆಯನ್ನು ತಾನೇ ಎಳೆದು ನೋಡಿಕೊಂಡಳು. ಹಲಸಿನ ತುಂಡನ್ನು ಎದೆಗೆ ಅವುಚಿಕೊಂಡಳು. ಕೋಲಿಗೆ ಹುಣಸೆಯ ತುಂಡು ಸಿಕ್ಕಿತು. ಈ ಸಲ ಅಂಚಿನಿಂದ ದೂರಕ್ಕೆ, ನಟ್ಟನಡುವೆ ತೂತು ಕೊರೆಸಿದೆ.

ಪ್ರದರ್ಶನದ ಸಂಜೆ ನನ್ನ ಮಗಳು ಅವಿಯಲ್ ಮಾಡಿದಳು, ನಾನು ಹುಳಿ ಮಾಡಿದೆ. ಪೆಟ್ಟಿಗೆ ಗೋಡೆಯ ಪಕ್ಕ ಮಣೆಯ ಮೇಲೆ ಕೂತಿತ್ತು. ಎಲ್ಲರಿಗೂ ಬಡಿಸಿ ಮತ್ತೆ ಅಡಿಗೆಮನೆಗೆ ಹೊರಟಾಗ ಮೊಮ್ಮಗಳು ನನ್ನ ಸೆರಗು ಹಿಡಿದಳು.

"ತಡಿ ಅಜ್ಜಿ" ಎಂದಳು, ಕನ್ನಡದಲ್ಲಿ.

"ಏದು ತಡಿ? ತೇಕ್ಕೋ, ಪ್ಲಾವೋ?" ಎಂದೆ.

ಅಳಿಯಂದಿರಿಗೆ ನೆತ್ತಿ ಹತ್ತಿತು. ಮಗಳು ನೀರು ಕೊಡುತ್ತ ನಕ್ಕಳು. ಮೊಮ್ಮಗಳು ಪಕ್ಕಕ್ಕೆ ಸರಿದು ಜಾಗ ಮಾಡಿ, ನನಗೂ ಒಂದು ತಟ್ಟೆ ಹಾಕಿದಳು. ನಾಲ್ಕೂ ಜನ ಒಂದೇ ಸಾಲಿನಲ್ಲಿ ಕೂತು ಊಟ ಮಾಡಿದೆವು. ಅವಳು ಹುಳಿಯನ್ನು ಎರಡು ಸಲ ಹಾಕಿಸಿಕೊಂಡಳು.