ಆಂಟಿಯ ರಂಗೋಲಿ, ನನ್ನ ರೋಬೋ

ಗೆಳೆಯರೇ, ಇವತ್ತು ನನ್ನ ರೋಬೋ ಕೊನೆಗೂ ಓಡಿತು. ಓಡದಿದ್ದರೇ ಚೆನ್ನಾಗಿತ್ತು.

ಅದು ನೆಲದ ಮೇಲಿನ ಬಿಳಿ ಗೆರೆ ಹಿಡಿದು ಹೋಗುವ ಪುಟ್ಟ ಗಾಡಿ. ಯುಗಾದಿ ರಜೆಯಲ್ಲವೇ ಎಂದು ಹಾಲ್‌ನಲ್ಲಿ ಬಿಳಿ ಟೇಪು ಅಂಟಿಸಿ ಬಿಟ್ಟೆ. ಅಷ್ಟರಲ್ಲಿ ಆಫೀಸಿನಿಂದ ಫೋನು. ಮಾತು ಮುಗಿಸಿ ತಿರುಗಿದರೆ ಗಾಡಿ ಇಲ್ಲ, ಬಾಗಿಲು ತೆರೆದಿದೆ. ಟೇಪು ಮುಗಿದ ಮೇಲೆ ನೇರವಾಗಿ ಹೊರಗೆ ಹೋಗಿ, ಎದುರುಮನೆ ಆಂಟಿ ಬೆಳಗ್ಗೆಯೆಲ್ಲ ಕೂತು ಹಾಕಿದ್ದ ರಂಗೋಲಿಯನ್ನು ಒಂದೆಳೆಯೂ ಬಿಡದಂತೆ ಅಳಿಸುತ್ತಾ ಸುತ್ತುತ್ತಿತ್ತು.

"ಇಂಜಿನಿಯರ್ ಅಂತೀಯ, ರಂಗೋಲಿ ತುಳೀಬಾರ್ದು ಅಂತ ಅದಕ್ಕೆ ಹೇಳ್ಕೊಟ್ಟಿಲ್ವೇನಪ್ಪಾ?" ಎಂದರು ಆಂಟಿ.

ವರ್ಷದ ಭಾನುವಾರಗಳನ್ನೆಲ್ಲ ತಿಂದು ಅದು ನನ್ನಿಂದ ಕಲಿತದ್ದು ಒಂದೇ ಪಾಠ: ಏನೇ ಆದರೂ ಗೆರೆ ಬಿಡಬಾರದು.